ನಮ್ಮವರು ಪ್ರೊಫೆಸರ್ ಅಲ್ಲ

ಸೋದರಿಯರೇ, ನಿಮಗೊಂದು ಪ್ರಶ್ನೆ. ಮದುವೆಮನೆಯ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತವರು “ನಿಮ್ಮ ಯಜಮಾನ್ರಿಗೆ ಎಲ್ಲಿ ಕೆಲಸ?” ಎಂದು ಕೇಳಿದರೆ ಏನು ಹೇಳುತ್ತೀರಿ? ಬ್ಯಾಂಕಾದರೆ ಬ್ಯಾಂಕು, ಅಂಗಡಿಯಾದರೆ ಅಂಗಡಿ, ಥಟ್ಟನೆ ಹೇಳಿ ಹೋಳಿಗೆಗೆ ಕೈಹಾಕುತ್ತೀರಿ. ನಾನು ಮಾತ್ರ ಹದಿನೈದು ವರ್ಷಕ್ಕೂ ಮೇಲೆ “ಯೂನಿವರ್ಸಿಟಿಯಲ್ಲಿದ್ದಾರೆ” ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದೆ. ಕೇಳಿದವರು “ಓ, ಪ್ರೊಫೆಸರಾ?” ಎಂದು ಕಣ್ಣರಳಿಸಿದರೆ ಹೌದೆನ್ನುತ್ತಿರಲಿಲ್ಲ, ಅಲ್ಲವೆನ್ನುತ್ತಲೂ ಇರಲಿಲ್ಲ. ಎಲೆಯ ತುದಿಯ ಉಪ್ಪಿನಕಾಯಿ ನೋಡಿಕೊಂಡು ನಗುತ್ತಿದ್ದೆ. ಸುಳ್ಳು ಹೇಳಿದ ಪಾಪವೂ ಬೇಡ, ನಿಜ ಹೇಳುವ ಸಂಕೋಚವೂ ಬೇಡ ಎಂಬ ಜಾಣತನ!

ನಿಜವೇನೆಂದರೆ ನಮ್ಮವರು ಪ್ರೊಫೆಸರ್ ಅಲ್ಲ. ಸೂಕ್ಷ್ಮಜೀವಿಗಳ ಪ್ರಯೋಗಶಾಲೆಯಲ್ಲಿ ಲ್ಯಾಬ್ ಟೆಕ್ನೀಷಿಯನ್. ಯಾವ ವಿಶ್ವವಿದ್ಯಾಲಯ ಎಂದು ಕೇಳಬೇಡಿ, ಈ ಊರಿನಲ್ಲಿ ವಿಶ್ವವಿದ್ಯಾಲಯಗಳಿಗೇನು ಬರವೇ? ವಿಜಯನಗರದ ನಮ್ಮ ಮನೆಯಿಂದ ಬೆಳಿಗ್ಗೆ ಎಂಟು ಗಂಟೆಗೆ ಡಬ್ಬಿ ಹಿಡಿದು ಹೊರಟರೆ ಸಂಜೆ ಆರೂವರೆಗೆ ಬರುತ್ತಾರೆ. ಮೇಷ್ಟರು ಬೋರ್ಡಿನ ಮೇಲೆ ಪಾಠ ಮಾಡುವ ಮುಂಚೆ, ಹುಡುಗರು ಬಿಳಿ ಕೋಟು ತೊಟ್ಟು ಬರುವ ಮುಂಚೆ ಅಲ್ಲಿ ಎಲ್ಲವೂ ಸಿದ್ಧವಾಗಿರಬೇಕು. ಆ ಸಿದ್ಧತೆ ನಮ್ಮವರದ್ದು.

ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವಳು. ಅವರ ಕೆಲಸ ನನಗೆ ಅರ್ಥವಾಗುವುದಿಲ್ಲ ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೆ. ನನಗೆ ಗೊತ್ತಿದ್ದುದು ಎರಡೇ. ಒಂದು, ಅವರ ಬೆರಳಿಗೂ ಶರ್ಟಿನ ತೋಳಿಗೂ ಅಂಟಿಕೊಂಡು ಬರುತ್ತಿದ್ದ ನೇರಳೆ ಬಣ್ಣ. ಮಕ್ಕಳ ಬಾಯಿಹುಣ್ಣಿಗೆ ಹಿಂದೆ ಜಿ.ವಿ. ಪೇಂಟ್ ಹಚ್ಚುತ್ತಿದ್ದೆವಲ್ಲ, ಅದೇ ಬಣ್ಣದಿಂದ ಅವರು ಗಾಜಿನ ಮೇಲಿನ ಬ್ಯಾಕ್ಟೀರಿಯಾಗಳಿಗೆ ಬಣ್ಣ ಕಟ್ಟುತ್ತಾರೆ, ಆಗ ಅವು ಸೂಕ್ಷ್ಮದರ್ಶಕದಲ್ಲಿ ಕಾಣುತ್ತವೆ. ಎರಡನೆಯದು, ಹತ್ತಿ. ಪರೀಕ್ಷೆಯ ಕಾಲ ಬಂತೆಂದರೆ ಒಂದು ಚೀಲ ಹತ್ತಿ ಮನೆಗೆ ತರುತ್ತಿದ್ದರು. ಗಾಜಿನ ನಳಿಕೆಗಳ ಬಾಯಿಗೆ ಬಿರಡೆ ಮಾಡಬೇಕಂತೆ. ದೀಪದ ಬತ್ತಿ ಹೊಸೆದು ಪಳಗಿದ ಕೈ ನನ್ನದು. ಧಾರಾವಾಹಿ ನೋಡುತ್ತಾ ನೂರು ಬಿರಡೆ ಸುತ್ತಿಕೊಡುತ್ತಿದ್ದೆ. “ನಿನ್ನಷ್ಟು ಬಿಗಿಯಾಗಿ ನಮ್ಮ ಡಿಪಾರ್ಟ್‌ಮೆಂಟಿನಲ್ಲೇ ಯಾರೂ ಸುತ್ತಲ್ಲ ಕಣೇ” ಎಂದು ಹೊಗಳುತ್ತಿದ್ದರು. ಆ ಹೊಗಳಿಕೆಯನ್ನೂ ನಾನು ಮದುವೆಮನೆಗಳಲ್ಲಿ ಹೇಳಿಕೊಳ್ಳಲಿಲ್ಲ!

ವರ್ಷಕ್ಕೊಂದು ದಿನ ಮಾತ್ರ ನಾವು ಹೆಂಗಸರು ಮಕ್ಕಳು ಅಲ್ಲಿಗೆ ಹೋಗುತ್ತಿದ್ದೆವು. ಆಯುಧ ಪೂಜೆಗೆ. ಹಿಂದಿನ ದಿನವೇ ನೆಲ ತೊಳೆದು, ಯಂತ್ರಗಳಿಗೆ ಚೆಂಡುಹೂವಿನ ಮಾಲೆ ಹಾಕಿ, ವಿಭೂತಿ ಬಳಿದು, ಕುಂಕುಮ ಇಟ್ಟಿರುತ್ತಾರೆ. ಮೇಷ್ಟರುಗಳೂ ಬಂದು ಕೈಮುಗಿದು, ಬೂದುಗುಂಬಳಕಾಯಿ ಒಡೆದ ಮೇಲೆ ಕಡ್ಲೆಪುರಿ, ಬೂಂದಿ ಹಂಚುತ್ತಾರೆ. ಅಲ್ಲೊಂದು ದೊಡ್ಡ ಉಕ್ಕಿನ ಹಂಡೆಯಿತ್ತು. “ಇದು ಆಟೋಕ್ಲೇವ್, ನಿನ್ನ ಕುಕ್ಕರಿನ ಅಣ್ಣ” ಎಂದು ತೋರಿಸಿದ್ದರು. ತಮಾಷೆಯಲ್ಲ, ನಿಜವೇ. ನಮ್ಮ ಕುಕ್ಕರಿನಲ್ಲಿ ಬೇಳೆ ಬೇಯುವ ಒತ್ತಡವೇ ಸುಮಾರಾಗಿ ಅಲ್ಲಿಯೂ. 15 ಪೌಂಡ್ ಒತ್ತಡ, 121 ಡಿಗ್ರಿ ಶಾಖ, 15 ನಿಮಿಷ. ಒಳಗಿಟ್ಟ ವಸ್ತುವಿನಲ್ಲಿ ಒಂದು ಜೀವಾಣುವೂ ಉಳಿಯಬಾರದು. ಉಳಿದರೆ ಆ ವಾರದ ಪ್ರಯೋಗವೆಲ್ಲ ನೀರಿನಲ್ಲಿ ಹೋಮ. ನಾನು ಕೇಳಿ, ಹೂಂಗುಟ್ಟಿ, ಬೂಂದಿ ತಿಂದು ಬಂದೆ. ಅಷ್ಟೇ.

ಈಗ ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ.

2018ರಲ್ಲಿ ಅವರಿಗೊಂದು ಪತ್ರ ಬಂತು. ತಾಂತ್ರಿಕ ಸಿಬ್ಬಂದಿಗೆ ಹತ್ತು ದಿನದ ತರಬೇತಿ, ಪರ ಊರಿನಲ್ಲಿ. ಹೊಸ ಹೊಸ ಯಂತ್ರಗಳನ್ನು ನಡೆಸುವುದು, ಕೆಟ್ಟರೆ ಗುರುತಿಸುವುದು ಎಲ್ಲ ಹೇಳಿಕೊಡುತ್ತಾರಂತೆ. ರಾತ್ರಿ ಊಟಕ್ಕೆ ಕೂತಾಗ ಆ ಪತ್ರ ತೋರಿಸಿದರು. ಮುಖದಲ್ಲಿ ಶಾಲೆಗೆ ಹೊರಟ ಹುಡುಗನ ಹುರುಪಿತ್ತು. ನಾನು ಪತ್ರ ಓದಲೇ ಇಲ್ಲ. ತಾರೀಕು ಮಾತ್ರ ನೋಡಿದೆ. ಆ ವಾರವೇ ನಮ್ಮತ್ತೆಗೆ ಕಣ್ಣಿನ ಪೊರೆಯ ಆಪರೇಷನ್ನು. ಅದರ ಬೆನ್ನಿಗೇ ಕೆಂಗೇರಿ ಉಪನಗರದಲ್ಲಿ ನನ್ನ ತಮ್ಮನ ಗೃಹಪ್ರವೇಶ. ಮಗಳಿಗೆ ಕಿರುಪರೀಕ್ಷೆ.

“ಚೆನ್ನಾಗಿದೆ ರೀ! ಇಲ್ಲಿ ಇಷ್ಟೆಲ್ಲ ನಾನೊಬ್ಬಳೇ ಎಳೆದಾಡಲಾ?” ಎಂದೆ. ಅಲ್ಲಿಗೇ ನಿಲ್ಲಿಸಿದ್ದರೂ ಆಗುತ್ತಿತ್ತು. “ಈ ವಯಸ್ಸಿನಲ್ಲಿ ಕಲಿತು ನೀವು ಯಾರನ್ನ ಉದ್ಧಾರ ಮಾಡಬೇಕು? ಸಂಬಳವೇನು ಜಾಸ್ತಿ ಕೊಡ್ತಾರಾ?” ಎಂದೂ ಸೇರಿಸಿದೆ. ಅವರು ಏನೂ ಹೇಳಲಿಲ್ಲ. ಮಜ್ಜಿಗೆ ಕಲಸಿಕೊಂಡು ಊಟ ಮುಗಿಸಿದರು. ಪತ್ರದ ಮಾತು ಮತ್ತೆ ಬರಲಿಲ್ಲ. ನಾನು ಗೆದ್ದೆ ಎಂದುಕೊಂಡೆ.

ಆಮೇಲೆ 2020 ಬಂತು. ಆರ್‌ಟಿ-ಪಿಸಿಆರ್ ಎಂಬ ಮಾತು ಆ ವರ್ಷ ಹಾಲಿನವನ ಬಾಯಲ್ಲೂ ಇತ್ತು. ಕಾಲೇಜುಗಳು ಮುಚ್ಚಿ ತೆರೆದ ಮೇಲೆ ಇವರ ಪ್ರಯೋಗಶಾಲೆಗೂ ಒಂದು ಪಿಸಿಆರ್ ಯಂತ್ರ ಬಂತು. ಅದನ್ನು ನಡೆಸಲು ಕಲಿತ ಕೈ ಬೇಕಲ್ಲ, ಎಂ.ಎಸ್ಸಿ. ಮಾಡಿದ ಒಬ್ಬ ಹುಡುಗನನ್ನು ಗುತ್ತಿಗೆಯ ಮೇಲೆ ತೆಗೆದುಕೊಂಡರು. ಇವರಿಗೆ ಗಾಜಿನ ಸಾಮಾನು, ಸ್ಟಾಕ್ ರಿಜಿಸ್ಟರು. ಯಾರೂ ಅವಮಾನ ಮಾಡಲಿಲ್ಲ, ಯಾರೂ ಬೈಯಲಿಲ್ಲ. ಸ್ವಲ್ಪ ಸ್ವಲ್ಪವಾಗಿ ಮೂಲೆಗೆ ಸರಿದರು, ಹೊಸ ಮಿಕ್ಸಿ ಬಂದ ಮನೆಯಲ್ಲಿ ಒರಳುಕಲ್ಲು ಸರಿಯುವ ಹಾಗೆ.

ನನಗೆ ಗೊತ್ತಾದದ್ದು ಹೇಗೆ ಅಂತೀರಾ? ಬಟ್ಟೆ ಒಗೆಯುವಾಗ. ಶರ್ಟುಗಳು ಬೆಳ್ಳಗೆ ಬರತೊಡಗಿದವು. ಬೆರಳುಗಳೂ ಸ್ವಚ್ಛ. ಸದ್ಯ, ಕಲೆಯ ಕಾಟ ತಪ್ಪಿತು ಎಂದು ಮೊದಲು ಖುಷಿಪಟ್ಟೆ. ದಡ್ಡಿ ನಾನು! ಸಂಜೆ ಬಂದರೆ ಟಿ.ವಿ. ಮುಂದೆ ಕೂತು ಬಿಡುವರು, ಆದರೆ ಏನು ನೋಡಿದಿರಿ ಎಂದರೆ ಗೊತ್ತಿಲ್ಲ. ಹತ್ತಿಯ ಚೀಲ ಬರುವುದು ನಿಂತಿತು. ಒಂದು ದಿನ ಮಗಳು “ಅಪ್ಪ, ನಮ್ಮ ಕ್ಲಾಸಿನವರಿಗೆ ನಿಮ್ಮ ಲ್ಯಾಬ್ ತೋರಿಸ್ತೀರಾ?” ಎಂದು ಕೇಳಿದಾಗ “ಅಲ್ಲಿ ನನ್ನದೇನಿದೆಯಮ್ಮ” ಎಂದರು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ನನ್ನ ಕೈ ಸೌಟಿನ ಮೇಲೆ ಹಾಗೇ ನಿಂತುಬಿಟ್ಟಿತು.

2023ರ ಯುಗಾದಿಗೆ ಮನೆ ಗುಡಿಸುವಾಗ ಹಳೆಯ ಪಂಚಾಂಗಗಳ ಕಟ್ಟು ಸಿಕ್ಕಿತು. ವಿಳಂಬಿ ಸಂವತ್ಸರದ ಪಂಚಾಂಗದೊಳಗೆ ಆ ಪತ್ರವಿತ್ತು. ಐದು ವರ್ಷದ ಮೇಲೆ ಮೊದಲ ಸಲ ಓದಿದೆ. ಕಲಿಸುವ ವಿಷಯಗಳ ಪಟ್ಟಿಯಲ್ಲಿ ನಾಲ್ಕರ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು. ಅದರಲ್ಲೊಂದು ಪಿಸಿಆರ್. ಹಿಂದುಗಡೆ ರೈಲಿನ ವೇಳೆ ಬರೆದು, ಟಿಕೆಟ್ಟಿಗೆ ಇಷ್ಟು, ಊಟಕ್ಕೆ ಇಷ್ಟು, ‘ಮನೆಗೆ ಬಿಟ್ಟು ಹೋಗಲು’ ಇಷ್ಟು ಎಂದು ಲೆಕ್ಕ ಹಾಕಿದ್ದರು. ನಾನು ಎಳೆದಾಡಬೇಕಾಗುತ್ತದೆ ಎಂದು ಆಟೋ ಖರ್ಚಿಗೂ ಒಂದು ಸಾಲು ಇತ್ತು. ಪಂಚಾಂಗ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟೆ.

ಸಂಜೆ ಪತ್ರವನ್ನು ಕಾಫಿಯ ಜೊತೆಗಿಟ್ಟೆ. ನೋಡಿದರು. “ಈಗ್ಯಾಕೆ ಅದು?” ಎಂದರು.

“ತಪ್ಪು ನನ್ನದು ರೀ. ಆ ಆಪರೇಷನ್ನಿಗೆ ನಿಮ್ಮ ತಮ್ಮ ಬರುತ್ತಿದ್ದರು. ಗೃಹಪ್ರವೇಶಕ್ಕೆ ನೀವಿಲ್ಲದೆಯೂ ಹಾಲು ಉಕ್ಕುತ್ತಿತ್ತು.”

“ಬಿಡು. ನನಗೂ ಭಯ ಇತ್ತು ಕಣೇ. ಇಂಗ್ಲಿಷಿನಲ್ಲಿ ಪಾಠ ಮಾಡ್ತಾರೆ, ಹುಡುಗರ ಮಧ್ಯೆ ನಗೆಪಾಟಲಾಗ್ತೀನಿ ಅಂತ. ನೀನು ಬೇಡ ಅಂದಿದ್ದು ಒಂದು ನೆಪ ಆಯ್ತು.”

ನನ್ನ ಮನಸ್ಸು ಹಗುರಾಗಲೆಂದು ಹೇಳಿದರೋ, ನಿಜವಾಗಿಯೂ ಹಾಗಿತ್ತೋ, ಇವತ್ತಿಗೂ ನನಗೆ ಗೊತ್ತಿಲ್ಲ. “ಇನ್ನೊಂದು ಪತ್ರ ಬಂದರೆ ನೀವು ಹೋಗಲೇಬೇಕು” ಎಂದು ಮಾತ್ರ ಹೇಳಿದೆ.

ಆ ವರ್ಷದ ಆಯುಧ ಪೂಜೆಗೆ ಅವರಿಗೆ ಹೋಗಲು ಮನಸ್ಸಿರಲಿಲ್ಲ. ನಾನೇ ಹೊರಡಿಸಿದೆ. ಅಲ್ಲಿ ಗಾಜು ಊದುವ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರು ಬಂದಿದ್ದರು. ಕಡ್ಲೆಪುರಿ ತಿನ್ನುತ್ತಾ ಮಾತಿಗೆ ಮಾತು ಬಂದು, “ಯಂತ್ರಕ್ಕೆ ಅರಿಶಿನ ಕುಂಕುಮ ಇಡ್ತೀವಿ. ಅದನ್ನ ನಡೆಸೋನು ಏನು ಮಾಡ್ತಾನೆ ಅಂತ ಅವನ ಹೆಂಡತಿಗೇ ಗೊತ್ತಿರಲ್ಲ. ಪಕ್ಕದ ಡಿಪಾರ್ಟ್‌ಮೆಂಟಿನವನಿಗೂ ಗೊತ್ತಿರಲ್ಲ” ಎಂದರು. ಹೆಂಗಸರೆಲ್ಲ ನಕ್ಕೆವು. ಆದರೆ ನನಗೆ ಚುರುಕ್ಕೆಂದಿತು. “ಹಾಗಾದರೆ ಒಂದು ದಿನ ಎಲ್ಲರೂ ತೋರಿಸಿ ಮಾವ, ನಾವೆಲ್ಲ ನೋಡ್ತೀವಿ” ಎಂದೆ. ಬಾಯಿ ತಪ್ಪಿ ಬಂದ ಮಾತು. ಅದೇ ಹಿಡಿದುಕೊಂಡರು.

2024ರ ಜನವರಿಯ ಒಂದು ಶನಿವಾರ ಆ ಕೂಟ ನಡೆಯಿತು. ವಿಭಾಗದ ಮುಖ್ಯಸ್ಥರು ಹಾಲ್ ಬಿಟ್ಟುಕೊಟ್ಟರು. ಬೇರೆ ಬೇರೆ ವಿಭಾಗಗಳ ತಾಂತ್ರಿಕ ಸಿಬ್ಬಂದಿ, ಮನೆಯವರು, ಮಕ್ಕಳು ಎಲ್ಲ ಸೇರಿ ನಲವತ್ತು ಜನರಿರಬಹುದು. ನಿಯಮ ಎರಡೇ. ಪ್ರತಿಯೊಬ್ಬರೂ ಹತ್ತು ನಿಮಿಷ ತಮ್ಮ ಕೆಲಸದ ಬಗ್ಗೆ ಹೇಳಬೇಕು, ಕನ್ನಡದಲ್ಲೇ. ಪ್ರತಿ ಮನೆಯಿಂದ ಒಂದು ತಿಂಡಿ ಬರಬೇಕು.

ಹಿರಿಯರು ಮೊದಲು ತೋರಿಸಿದರು. ಬಿರುಕು ಬಿಟ್ಟ ಗಾಜಿನ ನಳಿಕೆಯನ್ನು ನೀಲಿ ಜ್ವಾಲೆಯಲ್ಲಿ ತಿರುಗಿಸುತ್ತಾ ತಿರುಗಿಸುತ್ತಾ ಬೆಸೆದುಬಿಟ್ಟರು, ಚಕ್ಕುಲಿ ಹಿಟ್ಟು ಬೆಸೆದಷ್ಟು ಸಲೀಸಾಗಿ. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದವು. “ಕೂಡಲೇ ಗಾಳಿಗೆ ಹಿಡೀಬಾರದು, ನಿಧಾನವಾಗಿ ಆರಬೇಕು. ಅವಸರ ಮಾಡಿದರೆ ಒಳಗೇ ಒತ್ತಡ ಉಳಿದು ಒಂದು ದಿನ ಸಿಡಿಯುತ್ತೆ” ಎಂದರು. ಸಸ್ಯಶಾಸ್ತ್ರದ ಕಡೆಯ ಒಬ್ಬಾಕೆ ಗಿಡಗಳನ್ನು ಹಳೆಯ ಪೇಪರಿನ ಮಧ್ಯೆ ಒತ್ತಿ ಒಣಗಿಸಿ ಹಾಳೆಗೆ ಅಂಟಿಸುವುದನ್ನು ತೋರಿಸಿದರು. ಪೇಪರನ್ನು ದಿನವೂ ಬದಲಿಸದಿದ್ದರೆ ಬೂಷ್ಟು ಹಿಡಿಯುತ್ತದಂತೆ. ಗಂಡ ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ಕೆಲಸಕ್ಕೆ ಸೇರಿದವರು ಅವರು. ಮೊದಲ ಎರಡು ನಿಮಿಷ ಗಂಟಲು ನಡುಗುತ್ತಿತ್ತು, ಆಮೇಲೆ ನಿಲ್ಲಿಸಿದರೂ ನಿಲ್ಲಲಿಲ್ಲ!

ನಮ್ಮವರು ಎದ್ದಾಗ ನನ್ನ ಎದೆ ಢವಢವ. ಅವರು ಒಂದು ಚಪ್ಪಟೆ ಗಾಜಿನ ತಟ್ಟೆ ಎತ್ತಿ ಹಿಡಿದು, “ಇದರೊಳಗೆ ಹೆಪ್ಪುಗಟ್ಟಿರೋದು ಏನು ಗೊತ್ತಾ? ಇವತ್ತು ನಮ್ಮ ಮನೆಯಾಕೆ ಮಾಡಿ ತಂದಿರೋ ಸಿಹಿಯಲ್ಲಿ ಇರೋದೇ” ಎಂದರು. ಎಲ್ಲರೂ ನನ್ನ ಕಡೆ ತಿರುಗಿದರು. ಹಾಲು, ಸಕ್ಕರೆ, ಏಲಕ್ಕಿ ಹಾಕಿ ಚೈನಾ ಗ್ರಾಸ್ ಮಾಡಿಕೊಂಡು ಹೋಗಿದ್ದೆ. ಚೈನಾ ಗ್ರಾಸ್ ಎಂದರೆ ಅಗರ್, ಸಮುದ್ರದ ಪಾಚಿಯಿಂದ ತೆಗೆಯುವ ವಸ್ತು. ನಾವು ಲೀಟರ್ ಹಾಲಿಗೆ 10 ಗ್ರಾಂ ಹಾಕಿದರೆ ಸಾಕು, ಪ್ರಯೋಗಶಾಲೆಯಲ್ಲಿ ಲೀಟರಿಗೆ 15 ಗ್ರಾಂ ಹಾಕುತ್ತಾರೆ, ಸ್ವಲ್ಪ ಗಟ್ಟಿಯಾಗಲೆಂದು. ಅದರ ಮೇಲೆ ಬ್ಯಾಕ್ಟೀರಿಯಾ ಬೆಳೆಯುತ್ತವೆ.

ಆಮೇಲೆ ಅವರು ಹೇಳಿದ ಕತೆ ಕೇಳಿ. 1880ರ ದಶಕದ ಆರಂಭ. ಜರ್ಮನಿಯಲ್ಲಿ ರಾಬರ್ಟ್ ಕಾಕ್ ಎಂಬ ದೊಡ್ಡ ವಿಜ್ಞಾನಿ. ಅವರ ಪ್ರಯೋಗಶಾಲೆಯಲ್ಲಿ ವಾಲ್ಟರ್ ಹೆಸ್ಸೆ ಎಂಬ ವೈದ್ಯರಿದ್ದರು. ಆಗೆಲ್ಲ ಬ್ಯಾಕ್ಟೀರಿಯಾ ಬೆಳೆಸಲು ಜೆಲಟಿನ್ ಬಳಸುತ್ತಿದ್ದರು. ಬೇಸಗೆ ಬಂತೆಂದರೆ ಅದು ಕರಗಿ ನೀರಾಗಿ ಕೆಲಸವೆಲ್ಲ ಹಾಳು. ವಾಲ್ಟರ್ ತಮ್ಮ ಹೆಂಡತಿ ಫ್ಯಾನಿಯನ್ನು ಕೇಳಿದರಂತೆ, “ನೀನು ಮಾಡುವ ಜೆಲ್ಲಿ ಬೇಸಗೆಯಲ್ಲೂ ಕರಗುವುದಿಲ್ಲವಲ್ಲ, ಹೇಗೆ?” ಆಕೆ ಅಗರ್ ಹಾಕುತ್ತಿದ್ದರು. ಜಾವಾದಲ್ಲಿದ್ದು ಬಂದ ಡಚ್ ನೆರೆಯವರಿಂದ ಕಲಿತದ್ದಂತೆ. ಅಗರ್ ಒಮ್ಮೆ ಹೆಪ್ಪುಗಟ್ಟಿದರೆ ಸುಮಾರು 85 ಡಿಗ್ರಿಯವರೆಗೆ ಕರಗುವುದಿಲ್ಲ. ಬ್ಯಾಕ್ಟೀರಿಯಾಗಳಿಗೆ ಬೇಕಾದ್ದು 37 ಡಿಗ್ರಿ. ಸಮಸ್ಯೆ ಮುಗಿಯಿತು! ಇವತ್ತಿಗೂ ಜಗತ್ತಿನ ಪ್ರಯೋಗಶಾಲೆಗಳಲ್ಲಿ ಅದೇ ಅಗರ್. ಫ್ಯಾನಿ ಅಡುಗೆ ಮಾತ್ರ ಮಾಡಿಕೊಂಡಿದ್ದವರಲ್ಲ. ಗಂಡನ ಪ್ರಯೋಗಗಳಿಗೆ ಸಹಾಯ ಮಾಡುತ್ತಾ, ಅವರ ಲೇಖನಗಳಿಗೆ ಚಿತ್ರ ಬರೆಯುತ್ತಾ ಇದ್ದವರು, ಸಂಬಳವಿಲ್ಲದ ಟೆಕ್ನೀಷಿಯನ್. ಕಾಕ್ ಅವರು 1882ರಲ್ಲಿ ಕ್ಷಯರೋಗದ ಜೀವಾಣುವಿನ ಬಗ್ಗೆ ಬರೆದಾಗ ಅಗರಿನ ಹೆಸರು ಬಂತು, ಫ್ಯಾನಿಯ ಹೆಸರು ಬರಲಿಲ್ಲ.

“ನಮ್ಮ ಕೆಲಸಾನೂ ಹಾಗೇ. ತಟ್ಟೆಯ ಮೇಲೆ ಬೆಳೆದದ್ದು ಎಲ್ಲರಿಗೂ ಕಾಣುತ್ತೆ, ತಟ್ಟೆ ಕಾಣಲ್ಲ” ಎಂದು ಹೇಳಿ ನಮ್ಮವರು ಕೂತರು. ಸೋದರಿಯರೇ, ಮದುವೆಯಾಗಿ ಇಪ್ಪತ್ತು ವರ್ಷ ದಾಟಿದ ಮೇಲೆ ನನ್ನ ಗಂಡ ಇಷ್ಟು ಚೆನ್ನಾಗಿ ಮಾತಾಡುತ್ತಾರೆ ಎಂದು ನನಗೆ ಅವತ್ತು ಗೊತ್ತಾಯಿತು.

ಇನ್ನೂ ಒಂದಾಯಿತು. ಪಿಸಿಆರ್ ಯಂತ್ರದ ಆ ಹುಡುಗನೂ ಎದ್ದು ಮಾತಾಡಿದ. ನಾನು ಅವನನ್ನು ಮನಸ್ಸಿನಲ್ಲೇ ಎಷ್ಟು ಬೈದುಕೊಂಡಿದ್ದೆನೋ! ಅವನು ಹೇಳಿದ್ದು ಬಲು ಚೆನ್ನಾಗಿತ್ತು. ಡಿಎನ್‌ಎ ತುಣುಕನ್ನು 95 ಡಿಗ್ರಿಗೆ ಕಾಯಿಸಿ, 55ರ ಆಸುಪಾಸಿಗೆ ಇಳಿಸಿ, 72ಕ್ಕೆ ಏರಿಸಿದರೆ ಒಂದು ಸುತ್ತು. ಪ್ರತಿ ಸುತ್ತಿಗೂ ಒಂದು ಎರಡಾಗುತ್ತದೆ, ಎರಡು ನಾಲ್ಕು. ಹೀಗೆ 30 ಸುತ್ತು ಮುಗಿಯುವ ಹೊತ್ತಿಗೆ ಒಂದೇ ತುಣುಕು ನೂರು ಕೋಟಿ ದಾಟುತ್ತದೆ. ಕೊನೆಗೆ ಅವನು, “ಯಂತ್ರ ನನಗೆ ಬರುತ್ತೆ. ಆದರೆ ನಾನು ಮಾಡಿದ ತಟ್ಟೆಗಳಲ್ಲಿ ಮೂರಕ್ಕೊಂದು ಬೂಷ್ಟು ಹಿಡೀತಿತ್ತು. ಉರಿಯ ಪಕ್ಕ ಹೇಗೆ ಕೈಯಾಡಿಸಬೇಕು ಅಂತ ಸರ್ ಹೇಳಿಕೊಟ್ಟ ಮೇಲೆ ನಿಂತಿತು” ಎಂದು ನಮ್ಮವರ ಕಡೆ ಕೈ ತೋರಿಸಿದ. ಸರ್ ಅಂತೆ! ನಮ್ಮವರು ಮನೆಗೆ ಬಂದು ಇದರಲ್ಲಿ ಒಂದಕ್ಷರವನ್ನೂ ಹೇಳಿರಲಿಲ್ಲ. ಆ ಹುಡುಗನ ಗುತ್ತಿಗೆ ವರ್ಷ ವರ್ಷಕ್ಕೂ ಮುಂದುವರಿಯಬೇಕು, ಅವನ ನಾಳೆ ನಮಗಿಂತ ಅತಂತ್ರ ಎಂಬುದೂ ಅವತ್ತೇ ತಿಳಿದದ್ದು. ಊಟದ ಹೊತ್ತಿಗೆ ಅವನಿಗೆ ಎರಡು ಸಲ ಸಿಹಿ ಬಡಿಸಿದೆ. ಬೈದುಕೊಂಡದ್ದಕ್ಕೆ ಪ್ರಾಯಶ್ಚಿತ್ತ ಎನ್ನಿ.

ಆ ಕೂಟದಿಂದ ಏನು ಲಾಭ ಎಂದು ಲೆಕ್ಕ ಕೇಳುವವರಿಗೆ ಹೇಳುತ್ತೇನೆ. ಮುಂದಿನ ವಾರದಿಂದ ಬುಧವಾರ ಮಧ್ಯಾಹ್ನ ಹುಡುಗ ಇವರಿಗೆ ಪಿಸಿಆರ್ ಹೇಳಿಕೊಡತೊಡಗಿದ, ಶುಕ್ರವಾರ ಇವರು ಅವನಿಗೆ ತಟ್ಟೆಯ ಕೆಲಸ. ಅದೇ ವರ್ಷ ಮಳೆಗಾಲದಲ್ಲಿ ಮತ್ತೊಂದು ತರಬೇತಿಯ ಪತ್ರ ಬಂತು, ಈ ಸಲ ಐದು ದಿನ. ಎರಡು ಸ್ಥಾನ. ಒಂದು ನಮ್ಮವರಿಗೆ, ಇನ್ನೊಂದು ಗಿಡ ಒಣಗಿಸುವ ಆ ತಾಯಿಗೆ.

ಆಕೆ ಬರುವುದಿಲ್ಲ ಎಂದರು. ಆರನೇ ಕ್ಲಾಸಿನ ಮಗನಿದ್ದಾನೆ, ಅತ್ತೆ ಹಳ್ಳಿಯಲ್ಲಿ, ಯಾರ ಹತ್ತಿರ ಬಿಡುವುದು? ಅದನ್ನು ಕೇಳಿದಾಗ 2018ರ ನನ್ನ ಮಾತೇ ನನ್ನ ಕಿವಿಗೆ ಬಿತ್ತು. ನಮ್ಮವರಿಗೆ ತಡೆಯಾಗಿದ್ದವಳು ನಾನೊಬ್ಬಳು, ಕಡೇಪಕ್ಷ ಹೋಗಿದ್ದರೆ ಮನೆ ನೋಡಿಕೊಳ್ಳಲು ನಾನಿದ್ದೆ. ಆಕೆಗೆ ತಡೆಯುವವರೂ ಇಲ್ಲ, ನೋಡಿಕೊಳ್ಳುವವರೂ ಇಲ್ಲ. ಗಂಡಸರ ಹೆಸರಿಗೆ ಪತ್ರ ಬಂದರೆ ಹಿಂದೆ ಒಬ್ಬ ಹೆಂಡತಿ ಇರುತ್ತಾಳೆ. ಹೆಂಗಸಿನ ಹೆಸರಿಗೆ ಬಂದರೆ ಹಿಂದೆ ಯಾರಿರುತ್ತಾರೆ, ಹೇಳಿ? “ನಿಮ್ಮ ಮಗ ಐದು ದಿನ ನಮ್ಮ ಮನೆಯಲ್ಲಿರಲಿ” ಎಂದುಬಿಟ್ಟೆ.

ಸುಲಭವಾಗಿತ್ತು ಎಂದು ಹೇಳಲಾರೆ. ಹುಡುಗ ಮೊದಲ ರಾತ್ರಿ ಊಟ ಮಾಡಲಿಲ್ಲ. ಗೋಡೆ ಕಡೆ ತಿರುಗಿ ಮಲಗಿಕೊಂಡ. ಎರಡನೇ ದಿನ ದೋಸೆ ಹಾಕಿದೆ, ಆರು ತಿಂದ. ಮೂರನೇ ದಿನ ಮಾರುತಿ ಮಂದಿರದವರೆಗೆ ನಡೆದು ಹೋಗಿ ಬಂದೆವು, ದಾರಿಯಲ್ಲಿ ಅಮ್ಮನ ಕೆಲಸದ ಬಗ್ಗೆ ತಾನೇ ಮಾತು ತೆಗೆದ. “ಆಂಟಿ, ನಮ್ಮಮ್ಮ ಒಣಗಿಸಿದ ಗಿಡ ನೂರು ವರ್ಷ ಇರುತ್ತಂತೆ” ಎಂದ. ಕೂಟದ ದಿನ ಮುಂದಿನ ಸಾಲಿನಲ್ಲಿ ಕೂತು ಕೇಳಿಸಿಕೊಂಡಿದ್ದ. ಅವನಮ್ಮ ವಾಪಸು ಬಂದಾಗ ಕಣ್ಣೀರು ಹಾಕಲಿಲ್ಲ, ನನಗೆ ಕೈಮುಗಿಯಲೂ ಇಲ್ಲ. ಚೀಲದಿಂದ ಒಂದು ನೋಟ್‌ಬುಕ್ ತೆಗೆದು, ಕಲಿತದ್ದನ್ನೆಲ್ಲ ನನ್ನ ಅಡುಗೆಮನೆಯ ಕಟ್ಟೆಯ ಮೇಲೆ ಹರಡಿಕೊಂಡು ವಿವರಿಸತೊಡಗಿದರು. ಅದಕ್ಕಿಂತ ದೊಡ್ಡ ಉಪಕಾರಸ್ಮರಣೆ ಬೇಕೇ?

ನಮ್ಮವರು ಹೆದರಿದ್ದ ಇಂಗ್ಲಿಷೂ ಹುಲಿಯಾಗಿರಲಿಲ್ಲ. ಯಂತ್ರ ಬಿಚ್ಚಿ ಕೂತ ಮೇಲೆ ಎಲ್ಲರೂ ಕೈಸನ್ನೆಯಲ್ಲೇ ಮಾತಾಡಿದರಂತೆ. ಅಲ್ಲಿಗೆ ಬಂದವರಲ್ಲಿ ಅರ್ಧಕ್ಕರ್ಧ ಐವತ್ತು ದಾಟಿದವರೇ ಇದ್ದರಂತೆ.

ಇಂಥ ತರಬೇತಿಗಳು ನಮ್ಮ ದೇಶಕ್ಕೆ ಹೊಸದೇನಲ್ಲ. ಚೆನ್ನೈನಲ್ಲಿ ತಾಂತ್ರಿಕ ಶಿಕ್ಷಕರ ತರಬೇತಿಗೆಂದೇ 1964ರಲ್ಲಿ ಒಂದು ಕೇಂದ್ರ ಸರ್ಕಾರದ ಸಂಸ್ಥೆ ಹುಟ್ಟಿತು. ಬ್ರಿಟನ್ನಿನಲ್ಲಿ 2017ರಲ್ಲಿ ‘ಟೆಕ್ನೀಷಿಯನ್ ಕಮಿಟ್‌ಮೆಂಟ್’ ಎಂಬ ಒಂದು ವಚನ ಶುರುವಾಯಿತು ಎಂದು ನಮ್ಮ ಮಗಳು ಓದಿ ಹೇಳಿದಳು. ಅದಕ್ಕೆ ಸಹಿ ಹಾಕುವ ವಿಶ್ವವಿದ್ಯಾಲಯಗಳು ತಮ್ಮ ತಾಂತ್ರಿಕ ಸಿಬ್ಬಂದಿಯ ವಿಷಯದಲ್ಲಿ ನಾಲ್ಕು ಮಾತು ಕೊಡುತ್ತವೆ. ಅವರು ಕಣ್ಣಿಗೆ ಕಾಣಬೇಕು, ಅವರಿಗೆ ಮನ್ನಣೆ ಸಿಗಬೇಕು, ಅವರು ಕೆಲಸದಲ್ಲಿ ಮುಂದೆ ಬರಬೇಕು, ಅವರ ಕೈಚಳಕ ಅವರೊಂದಿಗೇ ಮುಗಿಯದೆ ಮುಂದಿನವರಿಗೂ ಉಳಿಯಬೇಕು. ನಮ್ಮ ಬೆಂಗಳೂರಿನಲ್ಲೇ 2020ರ ಜನವರಿಯಲ್ಲಿ ಐ-ಸ್ಟೆಮ್ ಎಂಬ ಜಾಲತಾಣ ಉದ್ಘಾಟನೆಯಾಯಿತು. ಯಾವ ಸಂಸ್ಥೆಯಲ್ಲಿ ಯಾವ ಯಂತ್ರವಿದೆ ಎಂದು ದೇಶಕ್ಕೆಲ್ಲ ತಿಳಿಯಲೆಂದು. ಬಹಳ ಒಳ್ಳೆಯದು. ಆ ಯಂತ್ರದ ಹಿಂದೆ ನಿಂತ ಕೈ ಯಾರದು ಎಂಬುದೂ ಒಂದು ದಿನ ಹಾಗೇ ತಿಳಿಯಲಿ.

ಇನ್ನೊಂದು ಹಳೆಯ ಮಾತು. ಸರ್ ಸಿ.ವಿ. ರಾಮನ್ ಅವರು 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ತಮ್ಮ ಪರಿಣಾಮವನ್ನು ಕಂಡು, ಮಾರ್ಚ್ 16ರಂದು ಬೆಂಗಳೂರಿಗೆ ಬಂದು ಅದರ ಬಗ್ಗೆ ಉಪನ್ಯಾಸ ಕೊಟ್ಟರು. ಆ ಫೆಬ್ರವರಿ 28 ಇವತ್ತು ರಾಷ್ಟ್ರೀಯ ವಿಜ್ಞಾನ ದಿನ. ಅವರ ಕಲ್ಕತ್ತೆಯ ಪ್ರಯೋಗಶಾಲೆಯಲ್ಲಿ ಸಹಾಯಕರಾಗಿ ದುಡಿದ ಆಶುತೋಷ್ ಡೇ ಎಂಬವರೊಬ್ಬರಿದ್ದರು, ಎಲ್ಲರೂ ‘ಆಶು ಬಾಬು’ ಎನ್ನುತ್ತಿದ್ದರು. ಶಾಲೆಯಲ್ಲಿ ನಾವು ರಾಮನ್ ಅವರ ಬಗ್ಗೆ ಪ್ರಬಂಧ ಬರೆದವರೇ. ಆಶು ಬಾಬು ಹೆಸರು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರಿ? ನಾನಂತೂ ಕೇಳಿದ್ದು ಆ ಶನಿವಾರದ ಕೂಟದಲ್ಲೇ.

ದೊಡ್ಡ ದೊಡ್ಡ ಕಚೇರಿಗಳು ಮಾಡಬೇಕಾದ್ದು ಮಾಡಲಿ. ಮನೆಯಲ್ಲಿರುವ ನಾವು ಮಾಡಬಹುದಾದ್ದೂ ಉಂಟು. ನನ್ನ ಪೆಟ್ಟು ತಿಂದ ಅನುಭವದಿಂದ ನಾಲ್ಕು ಮಾತು ಹೇಳುತ್ತೇನೆ, ಕೋಪಿಸಿಕೊಳ್ಳಬೇಡಿ.

ಮನೆಯವರಿಗೆ ತರಬೇತಿಯ ಪತ್ರ ಬಂದರೆ ಮೊದಲು ಪೂರ್ತಿ ಓದಿ. ತಾರೀಕು ಆಮೇಲೆ ನೋಡಿ. ಅದೇ ರಾತ್ರಿ ಬೇಡ ಎನ್ನಬೇಡಿ, ಒಂದು ದಿನ ತಡೆಯಿರಿ. ಗೃಹಪ್ರವೇಶ, ನಾಮಕರಣಗಳು ಯಾವಾಗಲೂ ಇರುತ್ತವೆ. ಆಸ್ಪತ್ರೆಯ ಕೆಲಸವಿದ್ದರೆ ಭಾವ ಮೈದುನರನ್ನು ಕೇಳಿ, ಕೇಳಿದರೆ ಬರುತ್ತಾರೆ. ಕೇಳದೆ ಮುನಿಸಿಕೊಳ್ಳುವವರು ನಾವೇ. ಕೆಲಸದವರ ಕೂಟ, ಸ್ನೇಹ ಸಮ್ಮೇಳನ ಇದ್ದರೆ “ನನಗೇನು ಗೊತ್ತಾಗುತ್ತೆ ಅಲ್ಲಿ” ಎಂದು ಹಿಂದೆ ಸರಿಯಬೇಡಿ. ನಾವು ನೋಡಲು ಬರುತ್ತೇವೆ ಎಂದರೆ ಅವರು ತೋರಿಸಲು ಸಿದ್ಧರಾಗುತ್ತಾರೆ. ಮತ್ತೆ, ನಿಮ್ಮ ಬೀದಿಯಲ್ಲೋ ನಂಟರಲ್ಲೋ ಒಬ್ಬಂಟಿಯಾಗಿ ದುಡಿಯುವ ತಾಯಿಯಿದ್ದರೆ ಅವಳ ಮಗುವಿಗೆ ಐದು ದಿನ ಒಂದು ತಟ್ಟೆ ಹೆಚ್ಚಿಗೆ ಹಾಕಿ.

ತರಬೇತಿ ಏರ್ಪಡಿಸುವವರಿಗೂ ಒಂದು ಅರಿಕೆ. ಪತ್ರವನ್ನು ಒಂದು ತಿಂಗಳು ಮುಂಚೆ ಕಳಿಸಿ. ಮಕ್ಕಳ ಪರೀಕ್ಷೆಯ ಕಾಲ ಬಿಟ್ಟು ಇಡಿ. ಬೆಳಿಗ್ಗೆ ಹೋಗಿ ಸಂಜೆ ಬರುವಂಥ ತರಬೇತಿ ಊರಲ್ಲೇ ಇದ್ದರೆ ಎಷ್ಟೋ ಹೆಂಗಸರು ಬಂದಾರು.

ಎಲ್ಲವೂ ಸರಿಹೋಯಿತು ಎಂದು ಕತೆ ಮುಗಿಸುವ ಹಾಗಿಲ್ಲ. ನಮ್ಮವರಿಗೆ ಬಡ್ತಿ ಬರಲಿಲ್ಲ. ಸಂಬಳ ಅಷ್ಟೇ. ನಿವೃತ್ತಿಗೆ ಇನ್ನು ಕೆಲವೇ ವರ್ಷಗಳಿವೆ, 2018ರಲ್ಲಿ ಹೋಗಿದ್ದರೆ ಬೇರೆಯಾಗುತ್ತಿತ್ತೇನೋ ಎಂಬ ಮುಳ್ಳು ನನ್ನಲ್ಲಿ ಉಳಿದೇ ಇದೆ. ಆದರೆ ವಾರಕ್ಕೆರಡು ದಿನ ಆ ಯಂತ್ರ ಅವರ ಕೈಯಲ್ಲಿರುತ್ತದೆ. ಮಿಕ್ಕ ದಿನ ಹಳೆಯ ಕೆಲಸವನ್ನೂ ಕೇಳಿ ಇಸಿದುಕೊಂಡಿದ್ದಾರೆ. ಹತ್ತಿಯ ಚೀಲ ಮತ್ತೆ ಬರುತ್ತಿದೆ. ಶರ್ಟಿನ ತೋಳಿನ ಮೇಲೆ ನೇರಳೆ ಕಲೆಯೂ ಬಂದಿದೆ. ಆ ಕಲೆ ಸೋಪಿಗೆ ಬಗ್ಗುವುದಿಲ್ಲ, ಒಗೆಯುವ ಮುಂಚೆ ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಒತ್ತಬೇಕು, ಬಣ್ಣ ಬಿಡುತ್ತದೆ. ಒಲೆಯ ಹತ್ತಿರ ಮಾತ್ರ ಈ ಕೆಲಸ ಬೇಡ. ನಾನು ಬೈಯುತ್ತಲೇ ಒತ್ತುತ್ತೇನೆ. ಪೂರ್ತಿ ಹೋಗದಿದ್ದರೆ ಬೇಜಾರಿಲ್ಲ.

ಮೊನ್ನೆ ರಾಜಾಜಿನಗರದಲ್ಲಿ ಒಂದು ಮದುವೆ. ಪಂಕ್ತಿಯಲ್ಲಿ ಪಕ್ಕದವರು ಅದೇ ಪ್ರಶ್ನೆ ಕೇಳಿದರು. “ಯೂನಿವರ್ಸಿಟಿಯಲ್ಲಿ ಲ್ಯಾಬ್ ಟೆಕ್ನೀಷಿಯನ್” ಎಂದೆ. “ಅಂದರೆ ಏನು ಕೆಲಸ?” ಎಂದರು. ನಾನು ಕುಕ್ಕರಿನಿಂದ ಶುರು ಮಾಡಿ ಚೈನಾ ಗ್ರಾಸ್, ಫ್ಯಾನಿ, ನೂರು ಕೋಟಿಯವರೆಗೆ ಹೇಳಿ ಮುಗಿಸುವ ಹೊತ್ತಿಗೆ ಅವರ ಎಲೆಯ ಮೇಲಿನ ಹೋಳಿಗೆ ತಣ್ಣಗಾಗಿತ್ತು. ಪಾಪ! ಕೇಳಬಾರದಿತ್ತು ಎಂದುಕೊಂಡರೋ ಏನೋ. ಎದ್ದು ಹೋಗುವಾಗ ಮಾತ್ರ, “ನಮ್ಮೆಜಮಾನ್ರು ವರ್ಕ್‌ಷಾಪಿನಲ್ಲಿದ್ದಾರೆ. ಅಲ್ಲಿ ಏನು ಮಾಡ್ತಾರೆ ಅಂತ ನಾನೂ ಒಂದು ದಿನ ಕೇಳಬೇಕು” ಎಂದರು.

ನೀವು ಕೇಳಿದ್ದೀರಾ?